ಕೆಜಿಎಫ್‌ನಲ್ಲಿ ಕೂತು ‘ಕೆಜಿಎಫ್’ ನೋಡಿದ್ದು

ಊರಿಗೆ ಫೋನ್ ಮಾಡಿದರೆ ಸಲಾಂ ಮುಗಿಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. "ಉಸ್ತಾದರೇ, ರಾಕಿ ಭಾಯ್ ಸೌಖ್ಯವಾ?" ಕಳೆದ ರಂಝಾನ್ ರಜೆಗೆ ಮಂಗಳೂರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಳೇ ವಿದ್ಯಾರ್ಥಿಯೂ ಅದನ್ನೇ ಕೇಳಿದ. ನಾನು ಕೆಲಸ ಮಾಡುವ ಊರು ಕೋಲಾರ ಚಿನ್ನದ ಗಣಿ ಪ್ರದೇಶ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣಲ್ಲಿ ಕಪ್ಪು ಹೊಗೆ, ಬೈಕು, ಸುತ್ತಿಗೆ ಎಲ್ಲಾ ಬಂದುಹೋಯಿತು. "ಅಲ್ಲಿ ಈಗಲೂ ಚಿನ್ನ ತೆಗೀತಾರಾ?" ಎಂದ. ಇಲ್ಲ ಮಾರಾಯ, 2001ರ ಫೆಬ್ರವರಿ 28ಕ್ಕೇ ಗಣಿ ಬಾಗಿಲು ಹಾಕಿದೆ ಎಂದೆ. ಅವನಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಕರಾವಳಿಯಿಂದ ಬಂದು ಇಲ್ಲಿ ಬದುಕುವ ಬ್ಯಾರಿಗಳು ಬೆರಳೆಣಿಕೆಯಷ್ಟು ಜನ. ಇಲ್ಲಿ ನನ್ನನ್ನು ಯಾರೂ ಉಸ್ತಾದ್ ಎನ್ನುವುದಿಲ್ಲ, ಹಜ್ರತ್ ಎನ್ನುತ್ತಾರೆ. ಮದ್ರಸದ ಮಕ್ಕಳು ಮನೆಯಲ್ಲಿ ದಖ್ನಿ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ನಮ್ಮ ಮನೆಯೊಳಗೆ ಬ್ಯಾರಿ ಭಾಷೆ. ರಾತ್ರಿ ಇಶಾ ಆದಮೇಲೆ ಟಿವಿ ಹಾಕಿದರೆ ಇನ್ನೂ ಎರಡು ಭಾಷೆ ಸೇರಿಕೊಳ್ಳುತ್ತದೆ. ಈ ಲೇಖನ ಆ ಟಿವಿಯ ಬಗ್ಗೆ. ಮದ್ರಸದಲ್ಲಿ ಕಲಿಸುವವನು ಸಿನಿಮಾದ ಬಗ್ಗೆ ಯಾಕೆ ಬರೆಯುತ್ತಾನೆ ಎಂದು ಕೆಲವರಾದರೂ ಹುಬ್ಬು ಗಂಟಿಕ್ಕುತ್ತಾರೆ ಅಂತ ಗೊತ್ತು. ಸಿನಿಮಾ ಸರಿಯೋ ತಪ್ಪೋ ಎಂಬ ಮಸ್‌ಅಲೆ ಹೇಳಲು ನಾನು ಕೂತಿಲ್ಲ. ನಮ್ಮ ಮನೆಗಳಲ್ಲಿ ಅದು ಓಡುತ್ತಾ ಇದೆ, ಅಷ್ಟು ನಿಜ. ಏನು ಓಡುತ್ತಿದೆ ಎಂದಾದರೂ ನೋಡೋಣ.

ಮೊದಲು ಊರಿನ ಹೆಸರಿನ ಸಿನಿಮಾ. ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂತು, ಎರಡನೆಯದು 2022ರ ಏಪ್ರಿಲ್‌ನಲ್ಲಿ. ಎರಡನ್ನೂ ಥಿಯೇಟರಿನಲ್ಲಿ ನೋಡದ ನಾನು ಆಮೇಲೆ ಮನೆಯಲ್ಲಿ ಪ್ರೈಮ್‌ನಲ್ಲಿ ನೋಡಿದೆ. ಪ್ರಶಾಂತ್ ನೀಲ್ ಕೆಲಸ ಬಲ್ಲ ನಿರ್ದೇಶಕ, ಸಂಶಯವಿಲ್ಲ. ಕನ್ನಡದ ಒಂದು ಚಿತ್ರವನ್ನು ದೇಶವೆಲ್ಲ ಕೂತು ನೋಡಿತು ಎಂದರೆ ನನಗೂ ಖುಷಿಯೇ. ಆದರೆ ಅದನ್ನು ನಾನು ನೋಡಿದ್ದು ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಮನೆಯಲ್ಲಿ, ಪಕ್ಕದಲ್ಲಿ ನೆರೆಮನೆಯ ತಾತ ಕೂತಿದ್ದರು. ಅವರು ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಅವರ ಅಪ್ಪನೂ ಅದೇ, ಅಜ್ಜನೂ ಅದೇ.

ಸಿನಿಮಾದಲ್ಲಿ ನರಾಚಿ ಎಂಬ ಗಣಿ ಇದೆ. ಅಲ್ಲಿ ಜನರನ್ನು ಗುಲಾಮರಂತೆ ಕೂಡಿಹಾಕುತ್ತಾರೆ. 1951ರಲ್ಲಿ ಚಿನ್ನ ಸಿಕ್ಕಿತು, ಅದೇ ದಿನ ನಾಯಕ ಹುಟ್ಟಿದ ಎಂದು ಕತೆ. ಕತೆ ತಾನೇ, ಇರಲಿ. ಆದರೆ ನಿಜದ ಕೆಜಿಎಫ್‌ನಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲೇ ಗಣಿಗೆ ಕೈಹಾಕಿತ್ತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಬೆಂಗಳೂರಿನ ಬೀದಿಗೂ ಬರುವ ಮೊದಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಸ್ವಾತಂತ್ರ್ಯದ ನಂತರ ಗಣಿ ಸರ್ಕಾರದ ಕೈಗೆ ಬಂತು. ಸಿನಿಮಾದಲ್ಲಿ ಗುಲಾಮರು ಚಾಟಿ ಏಟು ತಿನ್ನುವ ಆ ಎಪ್ಪತ್ತರ ದಶಕದಲ್ಲಿ ನಿಜವಾದ ಕೆಜಿಎಫ್ ಸಾರ್ವಜನಿಕ ವಲಯದ ಉದ್ದಿಮೆ. ಸಂಬಳದ ಚೀಟಿ ಇತ್ತು, ಯೂನಿಯನ್ ಇತ್ತು, ಆಸ್ಪತ್ರೆ ಇತ್ತು.

ಹಾಗಂತ ಸುಖವಿತ್ತು ಅಂತಲ್ಲ. ತಾತ ಪರದೆ ನೋಡುತ್ತಾ ಮೊದಲ ಅರ್ಧ ಗಂಟೆ ಏನೂ ಹೇಳಲಿಲ್ಲ. ಆಮೇಲೆ ತಮಿಳಿನಲ್ಲಿ, "ಹಜ್ರತ್, ನಮ್ಮನ್ನು ಹೊಡೆಯಲು ಯಾರೂ ಬೇಕಾಗಿರಲಿಲ್ಲ. ಬಂಡೆಯೇ ಸಾಕಿತ್ತು" ಎಂದರು. ರಾಕ್ ಬರ್ಸ್ಟ್ ಅಂದರೆ ಏನು ಎಂದು ಅವತ್ತು ಅವರು ವಿವರಿಸಿದರು. ಮೇಲಿನ ಭಾರಕ್ಕೆ ಬಂಡೆ ಒಳಗೊಳಗೇ ಬಿಗಿದುಕೊಂಡು ಒಂದು ದಿನ ಬಾಂಬಿನಂತೆ ಸಿಡಿಯುತ್ತದೆ. ಮೇಲೆ ಊರಿನ ಮನೆಗಳಲ್ಲಿ ಪಾತ್ರೆ ಅಲುಗುತ್ತದೆ. ಪಾತ್ರೆ ಅಲುಗಿದರೆ ಹೆಂಗಸರು ಶಾಫ್ಟ್ ಕಡೆ ಓಡುತ್ತಿದ್ದರಂತೆ, ಯಾರ ಮನೆಯವರು ಎಂದು ನೋಡಲು. ಅದರಿಂದ ತಪ್ಪಿಸಿಕೊಂಡವರಿಗೆ ಕಲ್ಲಿನ ದೂಳು ಎದೆಗೆ ಇಳಿದು ಸಿಲಿಕೋಸಿಸ್. ತಾತ ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆಯುವುದು ಅದಕ್ಕೇ. ಹೀರೊ ಒಬ್ಬನೇ ನೂರು ಜನರನ್ನು ಹೊಡೆದು ಉರುಳಿಸುವ ಹೊತ್ತಿಗೆ ಅವರು ಎದ್ದು ಮನೆಗೆ ಹೋದರು. ಕೋಪದಿಂದ ಅಲ್ಲ, ಮಾತ್ರೆ ತೆಗೆದುಕೊಳ್ಳುವ ಹೊತ್ತಾಗಿತ್ತು.

ನಮ್ಮ ಓದುಗರು ಕೇಳಬಹುದು, ಈ ಚಿತ್ರದಲ್ಲಿ ನಮ್ಮವರು ಹೇಗಿದ್ದಾರೆ ಎಂದು. ಮೂರು ಥರ ಇದ್ದಾರೆ. ದುಬೈಯಲ್ಲಿ ಕೂತ ಇನಾಯತ್ ಖಲೀಲ್ ಎಂಬ ಡಾನ್. ನಾಯಕನನ್ನು ಪ್ರೀತಿಸುವ ಖಾಸಿಂ ಚಾಚಾ. ಎರಡನೇ ಭಾಗದಲ್ಲಿ ಫಾತಿಮಾ ಎಂಬ ತಾಯಿ ಮತ್ತು ಅವಳ ಮಗ. ಡಾನ್ ಪಾತ್ರ ನೋಡಿ ನೋಡಿ ನಮಗೆ ಅಭ್ಯಾಸವಾಗಿದೆ, ಬಿಡಿ. ಒಳ್ಳೆಯ ಚಾಚಾ ಕೂಡ ಎಂಬತ್ತರ ದಶಕದ ಹಿಂದಿ ಸಿನಿಮಾಗಳಿಂದ ನಡೆದು ಬಂದವರೇ. ಆದರೆ ಈಶ್ವರಿ ರಾವ್ ಮಾಡಿದ ಫಾತಿಮಾ ಹಾಗಲ್ಲ. ಅವಳು ಗಣಿಯ ಹೆಂಗಸು, ಅಷ್ಟೇ. ಅವಳ ತಲೆಯ ಮೇಲಿನ ಸೆರಗಿಗೆ ಕತೆಯಲ್ಲಿ ಬೇರೇನೂ ಕೆಲಸವಿಲ್ಲ. ಮಗನನ್ನು ಕಳೆದುಕೊಂಡಾಗ ಅವಳು ಅಳುವುದು ಎಲ್ಲ ತಾಯಂದಿರು ಅಳುವ ಹಾಗೆ. ನನ್ನ ಹೆಂಡತಿ ಇಡೀ ಸಿನಿಮಾದಲ್ಲಿ ಕಣ್ಣು ಒರೆಸಿಕೊಂಡದ್ದು ಅಲ್ಲಿ ಮಾತ್ರ.

ಆಮೇಲೆ ಬಂದದ್ದು ಪ. ರಂಜಿತ್ ಅವರ ‘ತಂಗಲಾನ್’. 2024ರ ಆಗಸ್ಟ್ 15ಕ್ಕೆ ಥಿಯೇಟರಿಗೆ, ವರ್ಷದ ಕೊನೆಗೆ ನೆಟ್‌ಫ್ಲಿಕ್ಸ್‌ಗೆ. ಇದೂ ಕೋಲಾರದ ಚಿನ್ನದ ಕತೆ, ಆದರೆ ಬೇರೆ ದಿಕ್ಕಿನಿಂದ. 1850ರ ಹೊತ್ತಿನಲ್ಲಿ ಉತ್ತರ ಆರ್ಕಾಟಿನ ಒಂದು ಹಳ್ಳಿಯ ದಲಿತ ಕುಟುಂಬಗಳು ಬ್ರಿಟಿಷ್ ಅಧಿಕಾರಿಯ ಜೊತೆ ಚಿನ್ನ ಹುಡುಕಿಕೊಂಡು ಬರುವುದು. ವಿಕ್ರಂ, ಪಾರ್ವತಿ, ಮಾಳವಿಕಾ ಮೋಹನನ್ ಇದ್ದಾರೆ. ಕೆಜಿಎಫ್‌ಗೆ ಕೂಲಿಗೆ ಬಂದವರಲ್ಲಿ ದೊಡ್ಡ ಪಾಲು ಆ ಕಡೆಯ ದಲಿತರೇ ಎಂಬುದು ಚರಿತ್ರೆ. ಆಂಡರ್‌ಸನ್‌ಪೇಟೆ, ಮಾರಿಕುಪ್ಪಂ, ಚಾಂಪಿಯನ್ ಲೈನ್‌ಗಳಲ್ಲಿ ಇವತ್ತಿಗೂ ಅವರ ಮೊಮ್ಮಕ್ಕಳು ಇದ್ದಾರೆ. ಈ ಚಿತ್ರದ ಒಂದಷ್ಟು ಚಿತ್ರೀಕರಣ ನಡೆದದ್ದೂ ಇಲ್ಲೇ.

ತಾತನನ್ನು ಮತ್ತೆ ಕರೆದೆವು. ತಮಿಳು ಸಿನಿಮಾಕ್ಕೆ ಕೆಜಿಎಫ್‌ನಲ್ಲಿ ಡಬ್ಬಿಂಗ್ ಬೇಡ, ಸಬ್‌ಟೈಟಲ್ ಬೇಡ. ಬೇಕಾದದ್ದು ನನಗೆ ಮಾತ್ರ. ಚಿತ್ರ ಸುಲಭದ್ದಲ್ಲ. ಎಲ್ಲಿ ಕನಸು, ಎಲ್ಲಿ ನಿಜ, ಯಾವುದು ಈ ಕಾಲದ್ದು, ಯಾವುದು ಹಿಂದಿನ ಕಾಲದ್ದು ಎಂದು ನನಗೆ ಹಲವು ಸಲ ಗೊಂದಲವಾಯಿತು. ಎರಡನೇ ಅರ್ಧ ಎಳೆದಂತಾಯಿತು ಎಂದರೂ ಸುಳ್ಳಲ್ಲ. ಆದರೆ ತಾತ ಏಳಲಿಲ್ಲ. ಮಣ್ಣು ಮೆತ್ತಿದ ಜನ ಬಂಡಿಯಲ್ಲಿ ಊರು ಬಿಡುವ ಭಾಗದಲ್ಲಿ ಅವರು ಮೊಮ್ಮಗನ ತೋಳು ಹಿಡಿದು, ನಿನ್ನ ಮುತ್ತಜ್ಜ ಹೀಗೇ ಬಂದದ್ದು ಎಂದರು. ಆ ಹುಡುಗ ಬೆಂಗಳೂರಿನ ಒಂದು ಮಾಲ್‌ನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ದಿನಾ ರೈಲಿನಲ್ಲಿ ಹೋಗಿಬರುವವನು. ಅದುವರೆಗೂ ಮೊಬೈಲ್ ನೋಡುತ್ತಿದ್ದವನು ತಲೆ ಎತ್ತಿದ.

ಎರಡರಲ್ಲಿ ಯಾವುದು ಒಳ್ಳೆಯ ಸಿನಿಮಾ ಎಂದರೆ ನನ್ನ ಉತ್ತರ ಸ್ವಲ್ಪ ಕಷ್ಟದ್ದು. ‘ಕೆಜಿಎಫ್’ ಬಿಗಿಯಾಗಿದೆ, ‘ತಂಗಲಾನ್’ ಸಡಿಲ. ಆದರೆ ಒಂದರಲ್ಲಿ ನಮ್ಮೂರಿನ ಹೆಸರು ಮಾತ್ರ ಇದೆ, ಇನ್ನೊಂದರಲ್ಲಿ ಊರಿನ ಜನ ಇದ್ದಾರೆ. ಮಕ್ಕಳ ಜೊತೆ ನೋಡುವುದಾದರೆ ಎರಡೂ ಬೇಡ. ಎರಡರಲ್ಲೂ ರಕ್ತ ಧಾರಾಳ.

ಈಗ ಮಕ್ಕಳ ವಿಷಯ. ನನ್ನ ದೊಡ್ಡ ಮಗ ಬಂಗಾರಪೇಟೆಯ ಕಾಲೇಜಿನಲ್ಲಿ ಪಿಯುಸಿ. ಮಾರಿಕುಪ್ಪಂನಿಂದ ಬರುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆ ತಲುಪುತ್ತದೆ. ಬೆಳಗಿನ ಆ ರೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಣಿ ಮುಚ್ಚಿದ ಮೇಲೆ ಈ ಊರಿನ ಹೊಟ್ಟೆ ತುಂಬಿಸುವುದು ಬೆಂಗಳೂರಿಗೆ ಹೋಗುವ ಈ ರೈಲುಗಳೇ. ಕೂತವರು ನಿಂತವರು ಎಲ್ಲರ ಕೈಯಲ್ಲೂ ಮೊಬೈಲ್. ಒಂದು ಫೋನಿಗೆ ನಾಲ್ಕು ತಲೆ. ನಾನು ಮದ್ರಸದಲ್ಲಿ "ಮೊಬೈಲಿನಲ್ಲಿ ಸಿನಿಮಾ ನೋಡಬೇಡಿ" ಎಂದು ಗದರಿಸುತ್ತಿದ್ದ ದಿನಗಳಲ್ಲೇ ನನ್ನ ಮಗ ಆ ನಾಲ್ಕು ತಲೆಯಲ್ಲಿ ಒಂದಾಗಿದ್ದ. ಒಂದು ದಿನ ಅದೇ ರೈಲಿಗೆ ನಾನೂ ಹತ್ತಿದೆ, ಅವನಿಗೆ ಗೊತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ಯಾವ ಚಿತ್ರ ಎಂದು ಇಲ್ಲಿ ಬರೆಯಲಾರೆ. ಬಂಗಾರಪೇಟೆಯಲ್ಲಿ ಇಳಿದಾಗ ಅವನು ನನ್ನನ್ನು ನೋಡಿ ಬಿಳುಚಿದ. ಬೈಯಬೇಕೆಂದು ಬಾಯಿ ತೆರೆದವನು ಬೈಯಲಿಲ್ಲ. ಸ್ಟೇಷನ್ ಹೊರಗೆ ಒಂದೊಂದು ಪ್ಲೇಟು ಪಾನಿಪುರಿ ತಿಂದೆವು. ಬಂಗಾರಪೇಟೆಯ ಪಾನಿಪುರಿಯ ನೀರು ಹಸಿರಲ್ಲ, ಬಾವಿನೀರಿನಂತೆ ತಿಳಿ. ಆದರೆ ಖಾರ ನೆತ್ತಿಗೇರುತ್ತದೆ. ಇಬ್ಬರ ಕಣ್ಣಲ್ಲೂ ನೀರು ಬಂತು, ಅದಕ್ಕೆ ಕಾರಣ ಹೇಳುವ ಅಗತ್ಯ ಬೀಳಲಿಲ್ಲ. "ಉಪ್ಪಾ, ಮನೆಯಲ್ಲಿ ನೋಡಲು ಬಿಡಲ್ಲ, ಅದಕ್ಕೇ" ಎಂದ. ಅವತ್ತಿನಿಂದ ಮನೆಯಲ್ಲಿ ಗುರುವಾರ ರಾತ್ರಿ ಒಂದು ಸಿನಿಮಾ, ಎಲ್ಲರೂ ಕೂತು. ಆರಿಸುವುದು ಸರದಿಯಲ್ಲಿ.

ನನ್ನ ಸರದಿಗೆ ಮೊದಲು ಹಾಕಿದ್ದು ಮಲಯಾಳದ ‘ಹಲಾಲ್ ಲವ್ ಸ್ಟೋರಿ’. 2020ರಲ್ಲಿ ನೇರವಾಗಿ ಪ್ರೈಮ್‌ಗೆ ಬಂದ ಚಿತ್ರ. ‘ಸುಡಾನಿ ಫ್ರಮ್ ನೈಜೀರಿಯಾ’ ಮಾಡಿದ ಝಕರಿಯಾ ಅವರದೇ. ದೀನೀ ಸಂಘಟನೆಯೊಂದರ ಯುವಕರು ಶರೀಅತ್ತಿನ ಮಿತಿಯೊಳಗೆ ಒಂದು ಟೆಲಿಫಿಲ್ಮ್ ಮಾಡಲು ಹೊರಡುತ್ತಾರೆ. ಅನ್ಯ ಗಂಡು ಹೆಣ್ಣು ಮುಟ್ಟುವಂತಿಲ್ಲ, ಹಾಗಾಗಿ ನಾಯಕ ನಾಯಕಿಯ ಪಾತ್ರಕ್ಕೆ ನಿಜದ ಗಂಡ ಹೆಂಡತಿಯನ್ನೇ ಹುಡುಕುತ್ತಾರೆ. ಕ್ಯಾಮೆರಾ ಮುಂದೆ ನಿಂತಾಗ ಆ ಗಂಡ ಹೆಂಡತಿಯ ನಡುವಿನ ಮುಚ್ಚಿಟ್ಟ ಮಾತುಗಳು ಹೊರಬರುತ್ತವೆ. ನಗುವುದು ನಮ್ಮನ್ನು ನೋಡಿಯೇ, ಆದರೆ ಗೇಲಿ ಇಲ್ಲ. ಸಂಘಟನೆಯ ಮೀಟಿಂಗ್ ದೃಶ್ಯ ಬಂದಾಗ ಯಾವ ಕಮಿಟಿಯಲ್ಲಾದರೂ ಕೂತು ಗೊತ್ತಿರುವವರು ನಗದೆ ಇರಲು ಸಾಧ್ಯವೇ ಇಲ್ಲ. ಬ್ಯಾರಿ ಮನೆಗಳಿಗೆ ಮಲಯಾಳ ಅರ್ಥವಾಗುತ್ತದೆ, ನೋಡಿ.

ಮಗನ ಸರದಿಗೆ ಬಂದದ್ದು ‘ಡೇರ್‌ಡೆವಿಲ್ ಮುಸ್ತಫಾ’. ಪೂರ್ಣಚಂದ್ರ ತೇಜಸ್ವಿಯವರ ಕತೆ, ಶಶಾಂಕ್ ಸೋಗಾಲ್ ನಿರ್ದೇಶನ, 2023ರದ್ದು. ತೇಜಸ್ವಿ ಓದುಗರೇ ಸೇರಿ ದುಡ್ಡು ಹಾಕಿ ಮಾಡಿದ ಚಿತ್ರ. ಕಾಲೇಜಿಗೆ ಒಬ್ಬನೇ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ, ಉಳಿದವರಿಗೆ ಅವನೆಂದರೆ ಏನೋ ವಿಚಿತ್ರ ಪ್ರಾಣಿ. ಅತ್ತರು, ಟೋಪಿ, ಊಟದ ಡಬ್ಬಿ ಎಲ್ಲದರ ಬಗ್ಗೆಯೂ ಕುತೂಹಲ, ಭಯ. ಆಮೇಲೆ ಕ್ರಿಕೆಟ್ ಬರುತ್ತದೆ. ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತ್ತು. ಸಿನಿಮಾ ಮುಗಿದ ಮೇಲೆ ಮಗ, "ಉಪ್ಪಾ, ನಾನು ಕ್ಲಾಸಿಗೆ ಸೇರಿದ ಮೊದಲ ವಾರ ಹೀಗೇ ಇತ್ತು" ಎಂದ. ಎರಡು ವರ್ಷ ಆಗಿದೆ ಸೇರಿ. ನನಗೆ ಒಂದು ದಿನವೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮಗಳ ಆಯ್ಕೆ ‘ಸು ಫ್ರಮ್ ಸೋ’. 2025ರ ಜುಲೈನಲ್ಲಿ ಬಂದು ಥಿಯೇಟರ್ ತುಂಬಿಸಿ ಆಮೇಲೆ ಮನೆಗೆ ಬಂತು. ಹೆಸರಿನ ಅರ್ಥ ಸೋಮೇಶ್ವರದ ಸುಲೋಚನ. ಸೋಮೇಶ್ವರ ಎಂದ ಕೂಡಲೇ ಉಳ್ಳಾಲದ ಕಡಲು ಕಣ್ಣಿಗೆ ಬಾರದ ಬ್ಯಾರಿ ಇದ್ದಾನೆಯೇ? ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿ ತಾವೇ ನಟಿಸಿದ್ದಾರೆ. ಹುಡುಗನೊಬ್ಬ ತನ್ನ ಮೈಮೇಲೆ ಹೆಣ್ಣುದೆವ್ವ ಬಂದಿದೆ ಎಂದು ನಟಿಸಲು ಹೋಗಿ ಇಡೀ ಊರು ಹುಚ್ಚಾಗುತ್ತದೆ. ಆ ಊರಿನ ಕನ್ನಡ ಕೇಳುತ್ತಾ ನಮ್ಮ ಮನೆಯವಳಿಗೆ ತವರಿಗೆ ಹೋದ ಹಾಗಾಯಿತು. ಕುಡಿತದ ತಮಾಷೆ ಜಾಸ್ತಿ, ಅಲ್ಲಿ ನಾನು ಸ್ವಲ್ಪ ಕೆಮ್ಮಿದೆ. ಆದರೆ ಕೊನೆಗೆ ಸುಲೋಚನಳ ಮಗಳು ಕತೆಯೊಳಗೆ ಬರುವಾಗ, ಅದುವರೆಗೆ ನಕ್ಕ ಗಂಡಸರೆಲ್ಲ ಒಮ್ಮೆ ಸುಮ್ಮನಾಗಬೇಕಾಗುತ್ತದೆ. ಅಷ್ಟಕ್ಕಾಗಿಯಾದರೂ ನೋಡಬಹುದು.

ಕರಾವಳಿಯದೇ ಏಳು ಕತೆಗಳ ‘ಏಕಂ’ ಎಂಬ ಸರಣಿಯನ್ನು ದೊಡ್ಡ ಒಟಿಟಿಗಳು ಕೊಳ್ಳದೆ, ರಕ್ಷಿತ್ ಶೆಟ್ಟಿಯವರ ತಂಡ 2024ರಲ್ಲಿ ತಮ್ಮದೇ ವೆಬ್‌ಸೈಟಿನಲ್ಲಿ ಬಿಡಬೇಕಾಯಿತು. ಕನ್ನಡದ ಸಣ್ಣ ಚಿತ್ರಗಳು ಯಾಕೆ ನಮ್ಮ ಟಿವಿಗೆ ಬರುವುದಿಲ್ಲ ಎಂದು ಕೇಳುವವರು ಇದನ್ನು ನೆನಪಿಡಬೇಕು.

ಹೆಂಡತಿಯ ಸರದಿ ಬಂದಾಗ ಅವಳು ಹಾಕಿದ್ದು ‘ಹಕ್’. ಯಾಮಿ ಗೌತಮ್, ಇಮ್ರಾನ್ ಹಾಶ್ಮಿ ಇರುವ ಹಿಂದಿ ಚಿತ್ರ, ಥಿಯೇಟರಿಗೆ ಬಂದು ಎರಡು ತಿಂಗಳಿಗೆ ನೆಟ್‌ಫ್ಲಿಕ್ಸ್‌ಗೆ ಬಂತು. ಇಂದೋರಿನ ಶಾ ಬಾನು ಅವರ ಪ್ರಕರಣದ ನೆರಳಿನಲ್ಲಿ ಮಾಡಿದ್ದು. "ಇದು ಬೇಡ, ನಮ್ಮನ್ನು ಕೆಟ್ಟದಾಗಿ ತೋರಿಸಲು ಮಾಡಿರ್ತಾರೆ" ಎಂದೆ. "ನೋಡಿ ಆಮೇಲೆ ಹೇಳಿ" ಎಂದಳು. ನನ್ನ ಅನುಮಾನಕ್ಕೆ ಕಾರಣ ಇಲ್ಲದಿರಲಿಲ್ಲ. ‘ದಿ ಕೇರಳ ಸ್ಟೋರಿ’ಯಂಥ ಚಿತ್ರಗಳು ನಮ್ಮ ಮಕ್ಕಳು ತರಗತಿಯಲ್ಲಿ ಏನೇನು ಕೇಳಿಸಿಕೊಳ್ಳುವಂತೆ ಮಾಡಿವೆ ಎಂದು ನಾವು ನೋಡಿದ್ದೇವೆ.

ಆದರೂ ನೋಡಿದೆ. ಚಿತ್ರದಲ್ಲಿ ಅತಿ ಇದೆ, ಹಿನ್ನೆಲೆ ಸಂಗೀತ ಕೆಲವು ಕಡೆ ನಮ್ಮ ಪರವಾಗಿ ತೀರ್ಪು ಕೊಡುವ ಆತುರದಲ್ಲಿದೆ. ಆದರೆ ಆ ಹೆಂಗಸು ಕುರ್‌ಆನನ್ನು ತಾನೇ ಓದಿ ಅದನ್ನೇ ಹಿಡಿದು ವಾದಿಸುವುದನ್ನು ನಾನು ನಿರೀಕ್ಷಿಸಿರಲಿಲ್ಲ. ತಲಾಕ್ ಆದ ಸ್ತ್ರೀಯರಿಗೆ ನ್ಯಾಯವಾದ ರೀತಿಯಲ್ಲಿ ಜೀವನಕ್ಕೆ ಕೊಡಬೇಕು ಎನ್ನುವ ಸೂರಾ ಬಕರದ 241ನೇ ಆಯತ್ ನಾನು ಮಕ್ಕಳಿಗೆ ಕಂಠಪಾಠ ಮಾಡಿಸುವಂಥದ್ದೇ. ಸುಪ್ರೀಂ ಕೋರ್ಟ್ 1985ರಲ್ಲಿ ಶಾ ಬಾನು ಪರ ತೀರ್ಪು ಕೊಟ್ಟಿತು, 1986ರಲ್ಲಿ ಹೊಸ ಕಾನೂನು ಬಂತು, 2024ರ ಜುಲೈನಲ್ಲಿ ಅದೇ ನ್ಯಾಯಾಲಯ ವಿಚ್ಛೇದಿತ ಮುಸ್ಲಿಂ ಹೆಣ್ಣಿಗೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳುವ ಹಕ್ಕಿದೆ ಎಂದು ಮತ್ತೆ ಹೇಳಿತು. ಇದನ್ನೆಲ್ಲ ಹೆಂಡತಿಗೆ ವಿವರಿಸುತ್ತಾ ಕೂತೆ, ಪಾಠ ಮಾಡುವ ಅಭ್ಯಾಸ.

ಅವಳು ಕೇಳಿಸಿಕೊಂಡು, "ಅವತ್ತು ಆ ಹುಡುಗಿ ಬಂದಿದ್ದಾಗ ಇದನ್ನು ಯಾಕೆ ಹೇಳಲಿಲ್ಲ?" ಎಂದಳು.

ನಾನು ಹಿಂದೆ ಕೆಲಸ ಮಾಡಿದ ಒಂದು ಊರಿನ ಮಾತು. ಎರಡು ಮಕ್ಕಳನ್ನು ಕಟ್ಟಿಕೊಂಡ ಹುಡುಗಿ ಕಮಿಟಿಯ ಮುಂದೆ ಬಂದು ನಿಂತಿದ್ದಳು. ಗಂಡ ಗಲ್ಫಿನಿಂದ ಫೋನಿನಲ್ಲಿ ಮುಗಿಸಿದ್ದ. ಹಿರಿಯರು ಸಬ್ರ್ ಮಾಡು ಎಂದು ಕಳಿಸಿದರು. ನಾನು ಸಂಬಳಕ್ಕೆ ಇದ್ದವನು, ಮೂಲೆಯಲ್ಲಿ ಕೂತು ತಲೆ ತಗ್ಗಿಸಿದ್ದೆ. ಮನೆಗೆ ಬಂದು ಊಟ ಮಾಡಲಿಲ್ಲ ಎಂಬುದು ಮಾತ್ರ ಹೆಂಡತಿಗೆ ನೆನಪಿತ್ತು. ಈಗ ಹದಿಮೂರು ವರ್ಷ ಆಯಿತು.

ಇಂಥ ಕತೆಗಳನ್ನು ಹೊರಗಿನವರು ಹೇಳಿದಾಗ ನಮಗೆ ಸಿಟ್ಟು ಬರುತ್ತದೆ. ಒಳಗಿನವರು ಹೇಳಿದಾಗ ಇನ್ನೂ ಹೆಚ್ಚು ಬರುತ್ತದೆ. ಬಾನು ಮುಷ್ತಾಕ್ ಅವರ ಕತೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ಹೆಣ್ಣುಮಕ್ಕಳೇ ಹುಟ್ಟಿದರೆಂದು ಗಂಡ ಬಿಟ್ಟುಹೋದ ಹೆಂಗಸು ಮಸೀದಿಯ ಮುಂದೆ ಕೂತು ನ್ಯಾಯ ಕೇಳುವ ಕತೆ. ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಭಾಷೆಯದೇ ‘ಬ್ಯಾರಿ’ಗೆ 2011ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅದೂ ತಲಾಕಿನ ಕತೆ. ಅದು ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದೇ ಎಂದು ಸಾರಾ ಅಬೂಬಕ್ಕರ್ ಕೋರ್ಟಿಗೆ ಹೋದರು. ಕತೆ ಯಾರದು ಎಂಬ ಜಗಳ ಒಂದು ಕಡೆ. ಆ ಕತೆಯೊಳಗಿನ ಹೆಣ್ಣು ಎಷ್ಟು ಮನೆಗಳಲ್ಲಿದ್ದಾಳೆ ಎಂದು ನಾವು ಕೇಳಿಕೊಂಡದ್ದು ಕಡಿಮೆ. 2025ರಲ್ಲಿ ಬಾನು ಮುಷ್ತಾಕರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವು ಹೆಮ್ಮೆಯಿಂದ ಸ್ಟೇಟಸ್ ಹಾಕಿದೆವು. ನಾನೂ ಹಾಕಿದ್ದೆ. ‘ಹಸೀನಾ’ವನ್ನು ಮನೆಯವರ ಜೊತೆ ಕೂತು ನೋಡಿದ್ದು ಮಾತ್ರ ‘ಹಕ್’ ಆದ ಮೇಲೆ.

ಉಪಯೋಗದ ಒಂದು ಮಾತು. 2021ರ ನಿಯಮದಂತೆ ಒಟಿಟಿಯವರು ಪ್ರತಿ ಚಿತ್ರಕ್ಕೂ ವಯಸ್ಸಿನ ಗುರುತು ಹಾಕಬೇಕು: ಯು, ಯು/ಎ 7+, 13+, 16+, ಎ. 13+ ಮತ್ತು ಅದಕ್ಕೂ ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯ ಕೊಡಲೇಬೇಕು. ಮಕ್ಕಳ ಹೆಸರಿಗೆ ಬೇರೆ ಪ್ರೊಫೈಲ್ ಮಾಡಿ, ಪಿನ್ ಇಡಿ. ಪಿನ್ ನಿಮ್ಮ ಮದುವೆಯ ತಾರೀಕು ಆಗದಿರಲಿ, ನಮ್ಮ ಮನೆಯಲ್ಲಿ ಎಂಟು ವರ್ಷದವನು ಎರಡೇ ದಿನದಲ್ಲಿ ಕಂಡುಹಿಡಿದ.

ಕಳೆದ ವಾರ ತಾತ ಬಾಗಿಲಿಗೆ ಬಂದು, "ಹಜ್ರತ್, ಯಾರೂ ಸಾಯದ ಸಿನಿಮಾ ಒಂದಿದ್ದರೆ ಹಾಕಿ" ಎಂದರು. ಹುಡುಕಿ ‘ಹೋಮ್’ ಹಾಕಿದೆವು, 2021ರ ಮಲಯಾಳ ಚಿತ್ರ. ಮಕ್ಕಳ ಹತ್ತಿರ ಮಾತಾಡಬೇಕೆಂದು ಸ್ಮಾರ್ಟ್‌ಫೋನ್ ಕಲಿಯಲು ಒದ್ದಾಡುವ ಅಪ್ಪನಾಗಿ ಇಂದ್ರನ್ಸ್ ಮಾಡಿದ್ದಾರೆ. ತಾತನಿಗೆ ಮಲಯಾಳ ಅರ್ಧ ಅರ್ಥವಾಯಿತು, ಉಳಿದರ್ಧ ಬೇಕಾಗಲಿಲ್ಲ. ಮುಗಿದ ಮೇಲೆ ಮೊಮ್ಮಗನ ಫೋನ್ ತೆಗೆದುಕೊಂಡು, ಇದರಲ್ಲಿ ‘ತಂಗಲಾನ್’ನ ಆ ಬಂಡಿ ಹೋಗುವ ಜಾಗ ಎಲ್ಲಿದೆ ತೋರಿಸು ಎಂದರು. ಹುಡುಗ ಹುಡುಕಿಕೊಟ್ಟ. ತಾತ ಬೆರಳಿನಿಂದ ಹಿಂದೆ ಎಳೆದು ಮತ್ತೆ ಮತ್ತೆ ನೋಡಿದರು, ಮೂರನೇ ಸಲಕ್ಕೆ ಡೇಟಾ ಮುಗಿಯಿತು.